ಬಿಚ್ಚಿ ತೊಳೆಯಬಹುದಾದ ಚೂರಿಯ ಹಿಡಿಗೆ ಯಾವ ಸ್ಕ್ರೂ, ಯಾವ ಬೋಲ್ಟು ಸೂಕ್ತ?

ಉದ್ಯಾವರದ ಅಲಗು (ಏಪ್ರಿಲ್ 14)

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಅಡುಗೆಮನೆಯ ಚೂರಿಗಳನ್ನೂ ಮೀನು ಕತ್ತರಿಸುವ ಚೂರಿಗಳನ್ನೂ ಮಾಡುತ್ತಿದ್ದೇನೆ. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ನಮ್ಮೂರಿನ ಆಚಾರ್ಯರ ಕುಲುಮೆಯಲ್ಲಿ ಬಡಿಸಿ ತರುತ್ತೇನೆ. ಉಜ್ಜುವುದು, ಹದ ಕೊಡುವುದು, ಹಿಡಿ ಕೂರಿಸುವುದು ನನ್ನ ಪಾಲಿನ ಕೆಲಸ. ಇದುವರೆಗೆ ಮರದ ಎರಡು ಹೋಳುಗಳನ್ನು ಎಪಾಕ್ಸಿ ಅಂಟು ಹಾಗೂ ಹಿತ್ತಾಳೆಯ ರಿವೆಟ್‌ಗಳಿಂದ ಶಾಶ್ವತವಾಗಿಯೇ ಕೂರಿಸುತ್ತಾ ಬಂದಿದ್ದೆ.

ಕಳೆದ ತಿಂಗಳು ನಾನೇ ಮಾಡಿಕೊಟ್ಟಿದ್ದ ಒಂದು ಚೂರಿ ಅತ್ತಿಗೆಯ ಮನೆಯಿಂದ ಮರಳಿ ಬಂತು. ಎರಡು ಮಳೆಗಾಲ ಕಂಡ ಚೂರಿ. ಹೊರಗಿನಿಂದ ನೋಡಿದರೆ ಒಂದು ಬದಿಯ ಹೋಳು ಕೂದಲೆಳೆಯಷ್ಟು ಮೇಲೆದ್ದಿತ್ತು, ಅಷ್ಟೇ. ಉಳಿಯಿಂದ ಹೋಳನ್ನು ಎಬ್ಬಿಸಿದಾಗ ಒಳಗೆ ಟ್ಯಾಂಗಿನ ಮೇಲೆ, ಅಂದರೆ ಹಿಡಿಯೊಳಗೆ ಸೇರುವ ಅಲಗಿನ ಬಾಲದ ಮೇಲೆ, ಕಪ್ಪು ಕೆಸರಿನಂಥ ಪದರ, ಅದರಲ್ಲಿ ಅಂಟಿಕೊಂಡ ಬಂಗುಡೆಯ ಹುರುಪೆಗಳು, ರಿವೆಟ್ಟಿನ ರಂಧ್ರದ ಸುತ್ತ ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುವ ತುಕ್ಕು ಕಾಣಿಸಿತು. ಅಲಗಿನ ಬಾಯಿ ಮಾತ್ರ ಇನ್ನೂ ಹರಿತವಾಗಿಯೇ ಇತ್ತು. ಇಂಥ ಚೂರಿಯಿಂದ ಕತ್ತರಿಸಿದ್ದನ್ನು ಮನೆಮಂದಿ ಉಂಡಿದ್ದಾರೆ ಎಂಬ ಯೋಚನೆಯಿಂದ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

ಆದ್ದರಿಂದ ಇನ್ನು ಮುಂದೆ ಮೀನಿನ ಚೂರಿಗಳ ಹಿಡಿಯನ್ನು ಬಿಚ್ಚಿ ತೊಳೆದು, ಒಣಗಿಸಿ, ಮತ್ತೆ ಕೂರಿಸುವಂತೆ ಮಾಡಬೇಕೆಂದು ನಿರ್ಧರಿಸಿದ್ದೇನೆ. ಟ್ಯಾಂಗಿನ ದಪ್ಪ 3.5 ಮಿ.ಮೀ., ಎರಡೂ ಬದಿಯಲ್ಲಿ ಹಲಸಿನ ಮರದ 8 ಮಿ.ಮೀ. ದಪ್ಪದ ಹೋಳುಗಳು, ಎರಡು ಕಡೆ ಬೋಲ್ಟು. ಟ್ಯಾಂಗಿಗೇ ಥ್ರೆಡ್ (ಸ್ಕ್ರೂ ಕೂರುವ ಸುರುಳಿ ಗೆರೆ) ಹಾಕಿ ಎರಡೂ ಬದಿಯಿಂದ ಎಂ4 (4 ಮಿ.ಮೀ. ವ್ಯಾಸದ) ಸ್ಕ್ರೂ ಬಿಗಿಯುವುದೇ, ಹೊರದೇಶದ ಚೂರಿ ತಯಾರಕರು ಬಳಸುವ ಕಾರ್ಬಿ ಬೋಲ್ಟ್ ತರಿಸುವುದೇ, ಅಥವಾ ಲೆಕ್ಕದ ಪುಸ್ತಕಗಳಿಗೆ ಹಾಕುವ ಬೈಂಡಿಂಗ್ ಸ್ಕ್ರೂಗಳಂಥವು ಸಾಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಕಟಪಾಡಿ ಲೇತ್ (ಏಪ್ರಿಲ್ 14)

ಕಾರ್ಬಿ ಬೋಲ್ಟನ್ನು ಮೊದಲು ಬದಿಗಿಡಿ. ಅದು ಗಂಡು, ಹೆಣ್ಣು ಎಂಬ ಎರಡು ತುಂಡುಗಳ ಬೋಲ್ಟು ಎಂಬುದು ನಿಜ; ಆದರೆ ಬಿಗಿದ ಮೇಲೆ ತಲೆಯನ್ನು ಹಿಡಿಯ ಮಟ್ಟಕ್ಕೆ ಉಜ್ಜಿಬಿಡುವಾಗ ಸ್ಕ್ರೂಡ್ರೈವರ್ ಕೂರುವ ಗೀರೇ ಹೊರಟುಹೋಗುತ್ತದೆ. ಅದನ್ನು ಮಾಡಿರುವುದೇ ಬಿಚ್ಚದಿರಲಿ ಎಂದು.

ಬೈಂಡಿಂಗ್ ಸ್ಕ್ರೂವಿನ ರೀತಿ ಸರಿಯಾಗಿದೆ, ಅದರ ಲೋಹ ಸರಿಯಿಲ್ಲ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅಲ್ಯೂಮಿನಿಯಂ ಅಥವಾ ತೆಳುವಾದ ಲೇಪ ಕೊಟ್ಟ ಕಬ್ಬಿಣ. ಉಪ್ಪುನೀರಿನಲ್ಲಿ ಉಕ್ಕಿನ ಪಕ್ಕ ಅಲ್ಯೂಮಿನಿಯಂ ಇಟ್ಟರೆ ಅದು ಬಿಳಿ ಪುಡಿಯಾಗುವುದನ್ನು ಬೋಟಿನ ಕೆಲಸ ಮಾಡುವವರೆಲ್ಲ ನೋಡಿದ್ದಾರೆ. ಅದೇ ಆಕಾರವನ್ನು ಸ್ಟೇನ್‌ಲೆಸ್ ಸರಳಿನಿಂದ ಲೇತಿನಲ್ಲಿ ತಿರುಗಿಸಿಕೊಳ್ಳುವುದು ಉತ್ತಮ. ಹೊರಗೆ 6 ಮಿ.ಮೀ. ವ್ಯಾಸದ ಬ್ಯಾರೆಲ್, ಅಂದರೆ ಸ್ಕ್ರೂ ಒಳಗೆ ಕೂರುವ ತಲೆಯುಳ್ಳ ಕೊಳವೆ; ಅದರೊಳಗೆ 3.3 ಮಿ.ಮೀ. ಡ್ರಿಲ್ ಹೊಡೆದು ಎಂ4 ಟ್ಯಾಪಿನಿಂದ ಥ್ರೆಡ್ ಕೊರೆಯಿರಿ. ಆಗ ಥ್ರೆಡ್ಡಿನ ಹೊರಗೆ ಸುತ್ತಲೂ ಒಂದು ಮಿ.ಮೀ. ಗೋಡೆ ಉಳಿಯುತ್ತದೆ. ಬ್ಯಾರೆಲ್ಲಿಗೂ ಸ್ಕ್ರೂವಿಗೂ ತಲೆ 10 ಮಿ.ಮೀ. ಅಗಲ, 2.5 ಮಿ.ಮೀ. ದಪ್ಪ.

ಹೆಚ್ಚಿನವರು ತಪ್ಪುವುದು ಬ್ಯಾರೆಲ್ಲಿನ ಉದ್ದದಲ್ಲಿ. ನಿಮ್ಮ ಹಿಡಿಯ ಒಟ್ಟು ದಪ್ಪ 19.5 ಮಿ.ಮೀ. ತಲೆ ಕೂರಲು ಎರಡೂ ಬದಿಯಲ್ಲಿ 2.5 ಮಿ.ಮೀ. ಗುಂಡಿ ತೆಗೆದರೆ ನಡುವೆ ಉಳಿಯುವುದು 14.5 ಮಿ.ಮೀ. ಬ್ಯಾರೆಲ್ ಕೂಡ 14.5 ಇದ್ದರೆ ಸ್ಕ್ರೂವಿನ ತಲೆ ಬ್ಯಾರೆಲ್ಲಿನ ತುದಿಗೆ ತಾಗಿ ನಿಲ್ಲುತ್ತದೆ. ನೀವು ಎಷ್ಟೇ ಬಿಗಿದರೂ ಬಿಗಿಯುವುದು ಲೋಹ ಲೋಹಕ್ಕೆ, ಮರ ಸಡಿಲವಾಗಿಯೇ ಇರುತ್ತದೆ. ನಾನು ಮೊದಲು ಮಾಡಿದ ನಾಲ್ಕು ಜೊತೆಗಳನ್ನು ಇದೇ ಕಾರಣಕ್ಕೆ ಮತ್ತೆ ಲೇತಿಗೆ ಏರಿಸಬೇಕಾಯಿತು. 14 ಮಿ.ಮೀ. ಇಡಿ.

ಇನ್ನೊಂದು ತೊಂದರೆಯೂ ಇದೆ. ಸ್ಕ್ರೂ ತಿರುಗಿಸಿದಾಗ ಬ್ಯಾರೆಲ್ಲೂ ಜೊತೆಗೆ ತಿರುಗುತ್ತದೆ. ಎರಡೂ ತಲೆಗೆ ಗೀರು ಕೊಡಿ, ಅಥವಾ ಬ್ಯಾರೆಲ್ಲಿನ ತಲೆಯ ಒಂದು ಬದಿಯನ್ನು ಚಪ್ಪಟೆಯಾಗಿ ಅರೆದು ಮರದ ಗುಂಡಿಯನ್ನೂ ಅದೇ ಆಕಾರದಲ್ಲಿ ಕೆತ್ತಿ.

ಸುರತ್ಕಲ್ ಮಾಸ್ಟ್ರು (ಏಪ್ರಿಲ್ 15)

ಕಟಪಾಡಿಯವರು ಹೇಳಿದ ಉದ್ದದ ಲೆಕ್ಕ ಬಹಳ ಮುಖ್ಯ. ಅದಕ್ಕೆ ಮೂರು ಮಾತು ಸೇರಿಸುತ್ತೇನೆ. ವಿದ್ಯಾರ್ಥಿಗಳಿಗೆ ಮೆಕ್ಯಾನಿಕಲ್ ಕಲಿಸುವವನಾದ್ದರಿಂದ ತುಸು ಉದ್ದವಾಗಬಹುದು.

ಮೊದಲನೆಯದಾಗಿ, ಬಿಚ್ಚುವ ಹಿಡಿಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಅವನ್ನು ಒಂದೇ ಸ್ಕ್ರೂವಿಗೆ ವಹಿಸಬಾರದು. ಹೋಳನ್ನು ಟ್ಯಾಂಗಿಗೆ ಒತ್ತಿ ಹಿಡಿಯುವುದು ಒಂದು ಕೆಲಸ. ಅಂಜಲ್ ಮೀನಿನ ಬೆನ್ನೆಲುಬಿನ ಮೇಲೆ ಚೂರಿ ಬಿದ್ದಾಗ ಹೋಳು ಹಿಂದೆ ಮುಂದೆ ಜಾರದಂತೆ ತಡೆಯುವುದು ಇನ್ನೊಂದು. ಅಂಟಿರುವ ಹಿಡಿಯಲ್ಲಿ ಈ ಎರಡನೆಯ ಕೆಲಸವನ್ನು ಬಹುಮಟ್ಟಿಗೆ ಅಂಟೇ ಮಾಡುತ್ತಿತ್ತು. ಅಂಟನ್ನು ತೆಗೆದ ಮೇಲೆ ಅದು ಪೂರ್ತಿಯಾಗಿ ಸ್ಕ್ರೂವಿನ ಮೇಲೆ ಬೀಳುತ್ತದೆ. ರಂಧ್ರದಲ್ಲಿ 0.2 ಮಿ.ಮೀ. ಸಡಿಲವಿದ್ದರೂ ಪ್ರತಿ ಏಟಿಗೆ ಹೋಳು ಅಷ್ಟಷ್ಟು ಅಲುಗಿ ಸ್ಕ್ರೂವನ್ನು ಸ್ವಲ್ಪಸ್ವಲ್ಪವೇ ಬಿಚ್ಚುತ್ತದೆ. ಆದ್ದರಿಂದ 3 ಮಿ.ಮೀ. ವ್ಯಾಸದ ಎರಡು ಸ್ಟೇನ್‌ಲೆಸ್ ಪಿನ್ನುಗಳನ್ನು ಟ್ಯಾಂಗಿನಲ್ಲಿ ಬಿಗಿಯಾಗಿ ಕೂರಿಸಿ, ಎರಡೂ ಬದಿಗೆ ನಾಲ್ಕು ಮಿ.ಮೀ. ಹೊರಚಾಚಿರಲಿ. ಹೋಳಿನ ಒಳಮುಖದಲ್ಲಿ ಮಾತ್ರ ಅವುಗಳಿಗೆ ಕುರುಡು ರಂಧ್ರ ಕೊಡಿ, ಹೊರಗೆ ತೂತು ಬೇಡ. ಪಿನ್ನುಗಳು ಜಾರುವುದನ್ನು ತಡೆಯುತ್ತವೆ, ಸ್ಕ್ರೂ ಒತ್ತಿ ಹಿಡಿಯುತ್ತದೆ. ಹೀಗೆ ಮಾಡಿದರೆ ಸ್ಕ್ರೂವನ್ನು ಅತಿಯಾಗಿ ಬಿಗಿಯುವ ಅಗತ್ಯವೇ ಬರುವುದಿಲ್ಲ.

ಎರಡನೆಯದು ಲೋಹಗಳ ಜೋಡಿ. ನಿಮ್ಮದು ಕಾರ್ಬನ್ ಉಕ್ಕಿನ ಅಲಗು. ಉಪ್ಪುನೀರಿನಲ್ಲಿ ಹಿತ್ತಾಳೆ ಮತ್ತು ಕಾರ್ಬನ್ ಉಕ್ಕು ತಾಗಿಕೊಂಡಿದ್ದರೆ ಸವೆಯುವುದು ಉಕ್ಕು, ಹಿತ್ತಾಳೆಯಲ್ಲ. ನಿಮ್ಮ ಹಳೆಯ ಚೂರಿಯಲ್ಲಿ ರಿವೆಟ್ಟಿನ ರಂಧ್ರದ ಸುತ್ತಲೇ ತುಕ್ಕು ಹೆಚ್ಚಿದ್ದುದಕ್ಕೆ ನಿಂತ ನೀರಿನ ಜೊತೆಗೆ ಇದೂ ಕಾರಣ. ಸ್ಟೇನ್‌ಲೆಸ್ ಬೋಲ್ಟು ಕೂಡ ಕಾರ್ಬನ್ ಉಕ್ಕಿನ ಪಕ್ಕದಲ್ಲಿ ಅದೇ ಬಗೆಯಲ್ಲಿ ವರ್ತಿಸುತ್ತದೆ. ಆದರೆ ನಡುವೆ ನೀರು ನಿಲ್ಲದಿದ್ದರೆ ಈ ಕ್ರಿಯೆ ನಡೆಯುವುದೇ ಇಲ್ಲ. ಹಾಗಾಗಿ ಲೋಹ ಯಾವುದು ಎಂಬ ಪ್ರಶ್ನೆಗಿಂತ ನೀರು ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆ ದೊಡ್ಡದು. ಸ್ಟೇನ್‌ಲೆಸ್ಸಿನ ದರ್ಜೆಗಳಲ್ಲಿ 304ಕ್ಕಿಂತ 316 ಮೇಲು, ಏಕೆಂದರೆ ಅದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇದ್ದು ಉಪ್ಪಿನಿಂದ ಚುಕ್ಕೆಚುಕ್ಕೆಯಾಗಿ ಕೊರೆಯುವುದನ್ನು ತಡೆಯುತ್ತದೆ. ಪೆಟ್ಟಿಗೆಯ ಮೇಲೆ ಎ2 ಎಂದಿದ್ದರೆ 304ರ ಬಗೆ, ಎ4 ಎಂದಿದ್ದರೆ 316ರ ಬಗೆ. ಇಷ್ಟು ಸಣ್ಣ ಸ್ಕ್ರೂಗಳ ತಲೆಯ ಮೇಲೆ ಸಾಮಾನ್ಯವಾಗಿ ಗುರುತು ಇರುವುದಿಲ್ಲ, ಬಿಡಿಯಾಗಿ ಕೊಳ್ಳುವಾಗ ಪೆಟ್ಟಿಗೆಯನ್ನೇ ನೋಡಿ ಕೊಳ್ಳಿ. ಅಯಸ್ಕಾಂತದಿಂದ ಈ ಎರಡನ್ನು ಬೇರ್ಪಡಿಸಲು ಆಗುವುದಿಲ್ಲ.

ಮೂರನೆಯದು ಮರ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ನಮ್ಮ ಕರಾವಳಿಯಲ್ಲಿ ಮರ ಆಟಿ ತಿಂಗಳ ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ತಲೆಗಳ ನಡುವೆ ಸಿಕ್ಕಿಕೊಂಡಿರುವ ಮರ ಎರಡೂ ಬದಿ ಸೇರಿ 11 ಮಿ.ಮೀ. ಶೇಕಡಾ ಒಂದರಷ್ಟು ಕುಗ್ಗಿದರೂ 0.11 ಮಿ.ಮೀ. ಆಯಿತು. ಎಂ4 ಸ್ಕ್ರೂ ಒಂದು ಸುತ್ತಿಗೆ ಮುಂದೆ ಹೋಗುವುದು 0.7 ಮಿ.ಮೀ.; ಅಂದರೆ ಒಂದು ಸುತ್ತಿನ ಆರನೇ ಒಂದು ಭಾಗದಷ್ಟು ಬಿಗಿತ ತಾನಾಗಿಯೇ ಮಾಯವಾಗುತ್ತದೆ. ಮರವು ಉಂಗುರಗಳ ಉದ್ದಕ್ಕೆ ಕುಗ್ಗುವುದಕ್ಕಿಂತ ಉಂಗುರಗಳಿಗೆ ಅಡ್ಡಲಾಗಿ ಕಡಿಮೆ ಕುಗ್ಗುತ್ತದೆ. ಸಾಗುವಾನಿಯಲ್ಲಿ ಹಸಿಯಿಂದ ಪೂರ್ತಿ ಒಣಗುವವರೆಗೆ ಮೊದಲನೆಯದು ಶೇ 5.8, ಎರಡನೆಯದು ಶೇ 2.5. ಆದ್ದರಿಂದ ಉಂಗುರಗಳು ಹೋಳಿನ ಅಗಲವಾದ ಮುಖಕ್ಕೆ ಸಮಾನಾಂತರವಾಗಿರುವಂತೆ ಮರ ಕೊಯ್ಯಿಸಿದರೆ ದಪ್ಪದಲ್ಲಿ ಆಗುವ ಏರಿಳಿತ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಮೀನುಪೇಟೆಯ ಮಗಳು (ಏಪ್ರಿಲ್ 15)

ನಮಸ್ಕಾರ ಮಾಸ್ಟ್ರೇ, ನಮಸ್ಕಾರ ಅಣ್ಣಂದಿರೇ. ನನ್ನ ಅಮ್ಮ ಮಂಗಳೂರಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಮೀನು ಕತ್ತರಿಸಿ ಮಾರುತ್ತಾರೆ. ನೀವು ಬರೆದಿದ್ದನ್ನೆಲ್ಲ ಅವರಿಗೆ ಓದಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ: ಅದನ್ನು ಬಿಚ್ಚುವುದು ಯಾವುದರಿಂದ?

ನಮ್ಮ ಮನೆಯಲ್ಲಿ ಅಲೆನ್ ಕೀ ಇಲ್ಲ, ನಕ್ಷತ್ರದ ಆಕಾರದ ಸ್ಕ್ರೂಡ್ರೈವರ್ ಇಲ್ಲ. ತಂದಿಟ್ಟರೂ ಬೇಕಾದ ದಿನ ಕೈಗೆ ಸಿಗುವುದಿಲ್ಲ. ಅದಲ್ಲದೆ, ಆರು ಮೂಲೆಯ ಸಣ್ಣ ಗುಂಡಿಯೊಳಗೆ ಹುರುಪೆ, ರಕ್ತ, ಕೊಬ್ಬು ಸೇರಿ ಒಣಗಿದರೆ ಕಲ್ಲಿನಂತಾಗುತ್ತದೆ. ಹಲಸಿನಕಾಯಿ ಕೊಯ್ದರೆ ಅದರ ಮೇಣವೂ ಅಲ್ಲಿಯೇ ಹೋಗಿ ಕೂರುತ್ತದೆ. ಸೂಜಿಯಿಂದ ಕೆದಕಿ ತೆಗೆಯುವ ಪುರುಸೊತ್ತು ದುಡಿಯುವ ಹೆಂಗಸರಿಗೆ ಇರುವುದಿಲ್ಲ. ನೇರವಾದ ಗೀರಾದರೆ ತೆಂಗಿನ ನಾರಿನಿಂದ ಒಮ್ಮೆ ಉಜ್ಜಿದರೆ ಸ್ವಚ್ಛವಾಗುತ್ತದೆ. ನಾಣ್ಯದ ಅಂಚು ಕೂರುವಷ್ಟು ಅಗಲದ ಗೀರು ಕೊಡಲು ಆಗುತ್ತದೆಯೇ? ನಾಣ್ಯ ಅಮ್ಮನ ಸೊಂಟದ ಚೀಲದಲ್ಲಿ ಯಾವಾಗಲೂ ಇರುತ್ತದೆ.

ಇನ್ನೆರಡು ಮಾತು. ಸ್ಕ್ರೂವಿನ ತಲೆ ಮರದಿಂದ ಸ್ವಲ್ಪ ಎದ್ದಿದ್ದರೂ ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಬೊಕ್ಕೆ ಏಳುತ್ತದೆ. ಹಾಗೆಯೇ, ಬಿಚ್ಚಿದಾಗ ಬೇರೆಯಾಗುವ ಚೂರುಗಳು ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ತೊಳೆಯುವ ಕಲ್ಲಿನ ಪಕ್ಕದಲ್ಲಿಯೇ ಚರಂಡಿ ಇದೆ. ವಾಶರಿನಂಥ ವಸ್ತು ಒಮ್ಮೆ ಜಾರಿದರೆ ಮತ್ತೆ ಸಿಗುವುದಿಲ್ಲ.

ಬಂದರಿನ ಅಡುಗೆಮನೆ (ಏಪ್ರಿಲ್ 16)

ನಾನು ಹೋಟೆಲಿನ ಅಡುಗೆಮನೆಯ ಮೇಲ್ವಿಚಾರಣೆ ಮಾಡುವವನು. ಬಿಚ್ಚುವ ಹಿಡಿಯ ಚೂರಿಯನ್ನು ನಾನು ಒಳಗೆ ಬಿಡುವುದಿಲ್ಲ, ಕಾರಣವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಸಡಿಲವಾದ ಸ್ಕ್ರೂ ಒಂದು ಗಸಿಯ ಪಾತ್ರೆಗೆ ಬಿದ್ದರೆ ಅದು ಊಟ ಮಾಡುವವರ ಹಲ್ಲಿಗೆ ಸಿಗುವವರೆಗೂ ನಮಗೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಅಲಗಿನ ಸುತ್ತ ಅಚ್ಚು ಹೊಯ್ದ ಪ್ಲಾಸ್ಟಿಕ್ ಹಿಡಿಯ ಚೂರಿಗಳೇ ಇವೆ. ಮನೆಯ ಬಳಕೆಗೆ, ಒಬ್ಬರೇ ಬಳಸುವ ಚೂರಿಗೆ ನಿಮ್ಮ ಕ್ರಮ ಸರಿಯಿರಬಹುದು. ಆದರೆ ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳದಂತೆ ಏನು ಮಾಡುತ್ತೀರಿ ಎಂಬುದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಕಟಪಾಡಿ ಲೇತ್ (ಏಪ್ರಿಲ್ 16)

ಮೇಲಿನವರ ಆಕ್ಷೇಪ ನ್ಯಾಯವಾದದ್ದು. ಸ್ಕ್ರೂ ಸಡಿಲವಾಗದಂತೆ ಹಾಕುವ ಥ್ರೆಡ್ ಅಂಟುಗಳಲ್ಲಿ ಕೆಂಪು ಬಣ್ಣದ್ದನ್ನು ಬಿಚ್ಚಬೇಕಾದರೆ ಚೆನ್ನಾಗಿ ಕಾಯಿಸಬೇಕು, ಅಷ್ಟರಲ್ಲಿ ಮರ ಸುಟ್ಟುಹೋಗುತ್ತದೆ. ನೇರಳೆ ಬಣ್ಣದ ಲಾಕ್‌ಟೈಟ್ 222 ಸಣ್ಣ ಸ್ಕ್ರೂಗಳಿಗೆಂದೇ ಇದೆ, ಕೈಯಲ್ಲಿ ಬಿಚ್ಚಬಹುದು; ಆದರೆ ಪ್ರತಿ ವಾರ ಬಿಚ್ಚುವ ಚೂರಿಗೆ ಪ್ರತಿ ವಾರ ಅಂಟು ಹಾಕುವವರು ಯಾರು? ಆಹಾರ ತಾಗುವ ಜಾಗದಲ್ಲಿ ಅದು ಇರುವುದೂ ನನಗೆ ಹಿಡಿಸುವುದಿಲ್ಲ.

ನನ್ನ ಸಲಹೆ ರಬ್ಬರಿನ ಓ-ರಿಂಗ್. ತಲೆಯ ಅಡಿಯಲ್ಲಿ 0.7 ಮಿ.ಮೀ. ಆಳದ ಉಂಗುರದಂಥ ತೋಡು ತಿರುಗಿಸಿ, ಅದರಲ್ಲಿ 1 ಮಿ.ಮೀ. ದಪ್ಪದ ನೈಟ್ರೈಲ್ ರಬ್ಬರಿನ ರಿಂಗ್ ಕೂರಿಸಿದರೆ ಬಿಗಿದಾಗ ರಬ್ಬರು ಅಮುಕಿ, ತಲೆಯ ಅಂಚು ಮರಕ್ಕೆ ತಾಗುತ್ತದೆ. ಮರ ಕುಗ್ಗಿದಾಗ ರಬ್ಬರು ಹಿಗ್ಗಿ ಸ್ಕ್ರೂವಿನ ಮೇಲೆ ಒತ್ತಡ ಉಳಿಸುತ್ತದೆ. ಮಾಸ್ಟ್ರು ಹೇಳಿದ 0.11 ಮಿ.ಮೀ. ಅದರ ಶಕ್ತಿಗೆ ಮೀರಿದ್ದಲ್ಲ. ನೀರೂ ಒಳಗೆ ಇಳಿಯುವುದಿಲ್ಲ. ರಿಂಗ್ ತೋಡಿನಲ್ಲಿಯೇ ಹಿಡಿದಿರುವುದರಿಂದ ಚರಂಡಿಗೆ ಬೀಳುವ ಭಯವೂ ಇಲ್ಲ, ಅಕ್ಕ.

ಒಂದು ಎಚ್ಚರಿಕೆ. ಸ್ಟೇನ್‌ಲೆಸ್ ಬ್ಯಾರೆಲ್ಲಿಗೆ ಸ್ಟೇನ್‌ಲೆಸ್ ಸ್ಕ್ರೂವನ್ನು ಒಣಗಿದಂತೆಯೇ ಬಿಗಿದರೆ ಎರಡೂ ಒಂದನ್ನೊಂದು ಕಚ್ಚಿಕೊಂಡು ಮತ್ತೆ ಬಿಚ್ಚಲಾಗದಂತೆ ಹಿಡಿದುಬಿಡುತ್ತವೆ. ಥ್ರೆಡ್ಡಿಗೆ ಸ್ವಲ್ಪ ಜಾರುಪದಾರ್ಥ ಬೇಕೇ ಬೇಕು. ನಮ್ಮ ಕಡೆ ಎಲ್ಲರೂ ಮೊದಲು ಕೈ ಹಾಕುವುದು ತೆಂಗಿನೆಣ್ಣೆಯ ಬಾಟಲಿಗೆ. ಅದು ದಿನ ಕಳೆದಂತೆ ಕಮಟು ಹಿಡಿದು ಅಂಟಾಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಂದು ಹನಿ ಸಾಕು, ಇಲ್ಲವೇ ಜೇನುಮೇಣ ಉಜ್ಜಿ.

ಬ್ರಹ್ಮಾವರದ ಬಿದಿರು (ಏಪ್ರಿಲ್ 19)

ಲೋಹದ ಸ್ಕ್ರೂವೇ ಏಕೆ ಬೇಕು ಎಂದು ಕೇಳಬಹುದೇ? ಜಪಾನಿನ ಖಡ್ಗಗಳ ಹಿಡಿಯನ್ನು ಮೆಕುಗಿ ಎಂಬ ಬಿದಿರಿನ ಒಂದು ಗೂಟದಿಂದ ಹಿಡಿಸುತ್ತಾರೆ. ಒಂದು ತುದಿ ತುಸು ಕಿರಿದಾಗಿರುವ ಆ ಗೂಟವನ್ನು ತಟ್ಟಿ ತೆಗೆದರೆ ಹಿಡಿ ಪೂರ್ತಿಯಾಗಿ ಕಳಚುತ್ತದೆ. ನಮ್ಮಲ್ಲಿ ಅರಗು ಹಾಕಿ ಕೂರಿಸಿದ ಕತ್ತಿಯ ಹಿಡಿಯನ್ನೂ ಕಾಯಿಸಿ ಕಳಚಿ ಮತ್ತೆ ಕೂರಿಸುತ್ತಿದ್ದರು.

ಸುರತ್ಕಲ್ ಮಾಸ್ಟ್ರು (ಏಪ್ರಿಲ್ 19)

ಒಳ್ಳೆಯ ಉದಾಹರಣೆ. ಆದರೆ ಅಲ್ಲಿ ಹಿಡಿಯ ಮರ ಟ್ಯಾಂಗನ್ನು ನಾಲ್ಕೂ ಕಡೆಯಿಂದ ಅಪ್ಪಿಕೊಂಡಿರುತ್ತದೆ. ಗೂಟದ ಕೆಲಸ ಜಾರದಂತೆ ತಡೆಯುವುದು ಮಾತ್ರ. ಎರಡು ಹೋಳುಗಳ ಹಿಡಿಯಲ್ಲಿ ಒತ್ತಿ ಹಿಡಿಯಲು ಗೂಟಕ್ಕೆ ಆಗುವುದಿಲ್ಲ. ಮೀನಿನ ಚೂರಿಗೆ ಆಳವಾದ ಮುಚ್ಚಿದ ರಂಧ್ರದ ಹಿಡಿಯೂ ಬೇಡವೆಂದೇ ನನ್ನ ಅಭಿಪ್ರಾಯ, ಏಕೆಂದರೆ ತೊಳೆದ ಮೇಲೆ ಅದರ ತಳ ಒಣಗಿದೆಯೇ ಎಂದು ಕಣ್ಣಿನಿಂದ ನೋಡಲು ಸಾಧ್ಯವಿಲ್ಲ.

ಉದ್ಯಾವರದ ಅಲಗು (ಮೇ 24)

ಎಲ್ಲರ ಮಾತನ್ನೂ ಮನಸ್ಸಿನಲ್ಲಿಟ್ಟುಕೊಂಡು ಮೂರು ಚೂರಿಗಳನ್ನು ಮಾಡಿದ್ದೇನೆ. ಅಲಗು ಮತ್ತು ಮರ ಮೂರರಲ್ಲೂ ಒಂದೇ. ಮೊದಲನೆಯದರಲ್ಲಿ ಟ್ಯಾಂಗಿಗೇ ಥ್ರೆಡ್ ಹಾಕಿ 304ರ ಅಲೆನ್ ಸ್ಕ್ರೂಗಳು; ಹದ ಕೊಟ್ಟ ಮೇಲೆ ಟ್ಯಾಪ್ ಇಳಿಯುವುದಿಲ್ಲವಾದ್ದರಿಂದ ಥ್ರೆಡ್ಡನ್ನು ಮೊದಲೇ ಹಾಕಿದೆ. ಎರಡನೆಯದರಲ್ಲಿ ಹಿತ್ತಾಳೆಯ ಬ್ಯಾರೆಲ್, ಪಿನ್ನು ಇಲ್ಲ. ಮೂರನೆಯದರಲ್ಲಿ 316ರ ಬ್ಯಾರೆಲ್, ಓ-ರಿಂಗ್, ಎರಡು ಪಿನ್ನುಗಳು, ತಲೆಗೆ ನಾಣ್ಯದ ಗೀರು. ಮೂರನ್ನೂ ಮೀನುಪೇಟೆಯ ಅಮ್ಮನವರಿಗೆ ತಲುಪಿಸಿದ್ದೇನೆ. ದಯವಿಟ್ಟು ಸರದಿಯಲ್ಲಿ ಬಳಸಿ; ಸೆಪ್ಟೆಂಬರಿನಲ್ಲಿ ಬಂದು ನಾನೇ ಬಿಚ್ಚಿ ನೋಡುತ್ತೇನೆ.

ಮೀನುಪೇಟೆಯ ಮಗಳು (ಜೂನ್ 9)

ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವುದರಿಂದ ಅಮ್ಮನಿಗೆ ಈಗ ಕೆಲಸ ಕಡಿಮೆ. ಚೂರಿಗಳು ಹೆಚ್ಚಾಗಿ ಗೋಣಿಯಲ್ಲಿ ಸುತ್ತಿ ಇಟ್ಟಿರುತ್ತವೆ. ಬಳಸುವ ದಿನಗಳಿಗಿಂತ ಹೀಗೆ ಸುಮ್ಮನೆ ತೇವದಲ್ಲಿ ಇಟ್ಟ ದಿನಗಳಲ್ಲಿಯೇ ಚೂರಿ ಹಾಳಾಗುವುದು ಎಂದು ಅಮ್ಮ ಹೇಳುತ್ತಾರೆ. ಮೂರನೆಯ ಚೂರಿಯನ್ನು ನಿನ್ನೆ ಅವರೇ ನಾಣ್ಯದಿಂದ ಬಿಚ್ಚಿ, ಒರೆಸಿ, ಒಲೆಯ ಹತ್ತಿರ ಒಣಗಿಸಿ ಮತ್ತೆ ಕೂರಿಸಿದರು. ಮೊದಲನೆಯದರ ಕೀ ಎಲ್ಲಿಟ್ಟಿದ್ದೇವೆಂದು ಹುಡುಕುತ್ತಿದ್ದೇವೆ.

ಉದ್ಯಾವರದ ಅಲಗು (ಸೆಪ್ಟೆಂಬರ್ 21)

ನಿನ್ನೆ ಮಂಗಳೂರಿಗೆ ಹೋಗಿ ಮೂರನ್ನೂ ನೋಡಿ ಬಂದೆ. ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ.

ಮೊದಲನೆಯ ಚೂರಿಯ ನಾಲ್ಕು ಸ್ಕ್ರೂಗಳಲ್ಲಿ ಒಂದು ಮಾತ್ರ ಬಿಚ್ಚಿತು. ಟ್ಯಾಂಗಿನ ಥ್ರೆಡ್ ಕಾರ್ಬನ್ ಉಕ್ಕಿನದಾದ್ದರಿಂದ ಅದು ತುಕ್ಕು ಹಿಡಿದು ಉಬ್ಬಿ ಸ್ಟೇನ್‌ಲೆಸ್ ಸ್ಕ್ರೂವನ್ನು ಅಪ್ಪಿ ಹಿಡಿದಿತ್ತು. ಉಳಿದವುಗಳ ಆರು ಮೂಲೆಯ ಗುಂಡಿ ಕೀ ತಿರುಗಿ ದುಂಡಗಾಯಿತು. ಕೊನೆಗೆ ಮರವನ್ನು ಒಡೆದೇ ತೆಗೆಯಬೇಕಾಯಿತು. ಟ್ಯಾಂಗಿಗೆ ಥ್ರೆಡ್ ಹಾಕುವ ಕ್ರಮವನ್ನು ನಾನು ಇನ್ನು ಮಾಡುವುದಿಲ್ಲ. ಸ್ಟೇನ್‌ಲೆಸ್ ಅಲಗಾದರೆ ಅದು ಬೇರೆ ಮಾತು.

ಎರಡನೆಯದು ಸುಲಭವಾಗಿ ಬಿಚ್ಚಿತು. ಹಿತ್ತಾಳೆ ತುಸು ಮಂಕಾಗಿದ್ದು ಬಿಟ್ಟರೆ ಹೊಸದರಂತೆಯೇ ಇತ್ತು, ಆದರೆ ಅದರ ಸುತ್ತ ಟ್ಯಾಂಗಿನಲ್ಲಿ ನಾಣ್ಯದಗಲದ ಕೆಂಪು ಬಳೆ ಮೂಡಿತ್ತು. ಮಾಸ್ಟ್ರು ಏಪ್ರಿಲಿನಲ್ಲಿಯೇ ಹೇಳಿದ್ದ ಮಾತು ಇದು. ಪಿನ್ನು ಇಲ್ಲದ ಕಾರಣ ಹೋಳಿನ ರಂಧ್ರ ಒಂದು ದಿಕ್ಕಿಗೆ ಅಂಡಾಕಾರವಾಗಿ ಸವೆದಿತ್ತು. ಹಿಡಿದು ಅಲುಗಿಸಿದರೆ ಟಕ್ ಎಂದು ಸದ್ದು ಬರುತ್ತಿತ್ತು.

ಮೂರನೆಯದನ್ನು ಅಮ್ಮನವರೇ ನನ್ನೆದುರಿಗೆ ಬಿಚ್ಚಿ ತೋರಿಸಿದರು. ಟ್ಯಾಂಗಿನ ಮೇಲೆ ತೆಳುವಾದ ಕಂದು ಬಣ್ಣ ಬಂದಿದೆ, ಕೈಯಲ್ಲಿ ಉಜ್ಜಿದರೆ ಏನೂ ಅಂಟುವುದಿಲ್ಲ, ವಾಸನೆಯಿಲ್ಲ. ಪಿನ್ನುಗಳ ಜಾಗದಲ್ಲಿ ಸವೆತವಿಲ್ಲ. ಒಂದು ದೋಷ ಮಾತ್ರ ಕಂಡುಬಂತು: ನಾಲ್ಕು ರಿಂಗುಗಳಲ್ಲಿ ಒಂದು ಅರ್ಧ ಸುತ್ತಿನಷ್ಟು ಕತ್ತರಿಸಿಹೋಗಿತ್ತು. ಗುಂಡಿಯ ಅಂಚನ್ನು ನಾನು ಚೂಪಾಗಿಯೇ ಬಿಟ್ಟಿದ್ದೆ, ತಲೆ ಇಳಿಯುವಾಗ ರಬ್ಬರು ಅದಕ್ಕೆ ಸಿಕ್ಕಿಕೊಂಡಿದೆ. ಮುಂದಿನದರಲ್ಲಿ ಆ ಅಂಚಿನ ಚೂಪನ್ನು ಮರಳುಕಾಗದದಿಂದ ಉಜ್ಜಿ ತೆಗೆಯುತ್ತೇನೆ. ಸೆಪ್ಟೆಂಬರಿನವರೆಗೆ ಸ್ಕ್ರೂ ಎಷ್ಟು ಬಾರಿ ಸಡಿಲವಾಯಿತೆಂದು ಕೇಳಿದೆ. ಎರಡನೆಯದು ವಾರಕ್ಕೊಮ್ಮೆ, ಮೂರನೆಯದು ಒಮ್ಮೆಯೂ ಇಲ್ಲ ಎಂದರು.

ಬಂದರಿನ ಅಡುಗೆಮನೆ (ಸೆಪ್ಟೆಂಬರ್ 21)

ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಹತ್ತು ಕೈಗಳು ಬಳಸುವ ಹೋಟೆಲಿನ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಆದರೆ ನನ್ನ ಮನೆಗೆ ಮೂರನೆಯ ಬಗೆಯದ್ದು ಒಂದು ಬೇಕು.

ಉದ್ಯಾವರದ ಅಲಗು (ಸೆಪ್ಟೆಂಬರ್ 22)

ಖಂಡಿತ ಮಾಡಿಕೊಡುತ್ತೇನೆ. ಕಟಪಾಡಿಯವರೇ, ಆರು ಚೂರಿಗಳಿಗೆ 316ರ ಬ್ಯಾರೆಲ್ ಹನ್ನೆರಡು, ಸ್ಕ್ರೂ ಹನ್ನೆರಡು ಬೇಕಾಗಿವೆ. ಅಳತೆ ಹಿಂದಿನದೇ, ಬ್ಯಾರೆಲ್ 14 ಮಿ.ಮೀ. ಗೀರನ್ನು ಮಾತ್ರ ಸ್ವಲ್ಪ ಅಗಲ ಮಾಡಬೇಕು. ಈಗಿನದರಲ್ಲಿ ಹಳೆಯ ನಾಣ್ಯ ಕೂರುತ್ತದೆ, ಹೊಸದು ಸಿಕ್ಕಿಕೊಳ್ಳುತ್ತದೆ ಎಂದು ಅಮ್ಮನವರು ಹೇಳಿದ್ದಾರೆ. ಶನಿವಾರ ಬರಲೇ?

ಕಟಪಾಡಿ ಲೇತ್ (ಸೆಪ್ಟೆಂಬರ್ 22)

ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ. ಅಮ್ಮನವರು ಬಳಸುವ ಎರಡೂ ನಾಣ್ಯಗಳನ್ನು ಕೇಳಿ ತನ್ನಿ, ಅವುಗಳ ಅಂಚನ್ನು ಅಳೆದೇ ಗೀರು ಹಾಕುತ್ತೇನೆ.